ಮೇಜರ್ ಸಾಹೇಬರ ಕುಂಕುಮ

ಮೇಜರ್ ಸಾಹೇಬರು ತೀರಿಕೊಂಡರು ಎಂದು ಈ ಬೇಸಿಗೆಯಲ್ಲಿ ಬಳ್ಳಾರಿಯಿಂದ ಫೋನ್ ಬಂದಾಗ ನಾನು ಮೊದಲು ಕೇಳಿದ್ದು, "ನೀವು ಕಣ್ಣಾರೆ ನೋಡೀರೇನು?" ಎಂದು. ಫೋನ್ ಮಾಡಿದವರು ಪಾರ್ವತಿನಗರದಲ್ಲಿ ಅವರ ಕೆಳಗಿನ ಮನೆಯಲ್ಲಿದ್ದ ಟೀಚರಮ್ಮ. ಆಕೆ, "ಏನ್ರಿ ಹಿಂಗ ಕೇಳ್ತೀರಿ? ಮುಂಜಾನಿಂದ ಮ್ಯಾಲೆ ಏನೂ ಬಿದ್ದ ಸಪ್ಪಳ ಇಲ್ಲಲ್ಲ ಅಂತ ಹತ್ತಿ ಹೋಗಿ ನೋಡಿದಾಕಿನ ನಾನು" ಎಂದರು. ಆಗ ನಂಬಿದೆ.

ಅನುಮಾನ ನನ್ನ ಕಸುಬಿನ ಗುಣ. ಸಿರುಗುಪ್ಪದಲ್ಲಿ ನನ್ನದೊಂದು ಅಕ್ಕಿ ಗಿರಣಿ. ಭತ್ತ ತಂದ ರೈತ ದೇವರಾಣೆ ಮಾಡಿ ಒಣಗಿದೆ ಎಂದರೂ ಎರಡು ಕಾಳು ಹಲ್ಲಿನಲ್ಲಿ ಕಡಿದು ನೋಡದೆ ನಾನು ಚೀಲ ಇಳಿಸಿಕೊಂಡವನಲ್ಲ. ಕಟಕ್ಕೆಂದರೆ ಒಣಗಿದೆ, ಮೆತ್ತಗಾದರೆ ಒಳಗೆ ಹಸಿ ಇದೆ. ಮನುಷ್ಯರನ್ನೂ ಹೀಗೇ ಕಡಿದು ನೋಡುವ ಚಟ ಯಾವಾಗ ಅಂಟಿಕೊಂಡಿತೋ ಗೊತ್ತಿಲ್ಲ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಇರಬಹುದು. ಆದರೆ ಮೇಜರ್ ಸಾಹೇಬರ ವಿಷಯದಲ್ಲಿ ಆ ರೋಗ ನನಗೆ ಬಂದದ್ದು ಒಳ್ಳೆಯದೇ ಆಯಿತು.

ಅವರು ಮೊದಲ ಸಲ ಗಿರಣಿಗೆ ಬಂದಾಗ ಮಧ್ಯಾಹ್ನ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೀಸೆ ಇಲ್ಲ. ಗಿರಣಿಯ ಹಿಂದೆ ಬಿದ್ದಿದ್ದ ಹಳೆಯ ಹೊಟ್ಟಿನ ಶೆಡ್ಡು ಬಾಡಿಗೆಗೆ ಬೇಕು ಎಂದರು. ತಾವು ಸೈನ್ಯದಿಂದ ನಿವೃತ್ತರಾದ ಮೇಜರ್, ಹುಟ್ಟಿದ್ದು ಕುರುಗೋಡು, ಈಗ ಬಳ್ಳಾರಿಯಲ್ಲಿ ಮನೆ ಎಂದು ಹೇಳಿದರು. ಮಾತನಾಡುತ್ತಲೇ ನನ್ನ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಒಂದು ಬೆರಳಿನಿಂದ ಮೆಲ್ಲಗೆ ಅಂಚಿನವರೆಗೆ ತಳ್ಳಿ ಕೆಳಗೆ ಬೀಳಿಸಿದರು. ಬಿದ್ದದ್ದನ್ನು ಬಗ್ಗಿ ಎತ್ತಿಕೊಂಡು, ಅದರ ಬಾಯಿ ತೆರೆದು ಮುಚ್ಚಿ, "ಪಿನ್ನು ಹಾರಲಿಲ್ಲ. ಒಳ್ಳೆ ಕಂಪನಿ" ಎಂದು ಇದ್ದ ಜಾಗದಲ್ಲಿ ಇಟ್ಟರು.

"ಶೆಡ್ಡು ಯಾತಕ್ಕ ಬೇಕ್ರಿ?" ಎಂದೆ.

"ಬಂದೂಕಿನ ಕೆಲಸ" ಎಂದರು, ಕುಂಬಳಕಾಯಿ ವ್ಯಾಪಾರ ಎಂದಷ್ಟು ಸಲೀಸಾಗಿ.

ನಾನು ಶೆಡ್ಡಿನ ತಗಡು ಸೋರುತ್ತದೆ ಎಂದೆ. ಇರಲಿ ಎಂದರು. ಇಲಿ ಕಾಟ ಎಂದೆ. ಇರಲಿ. ಹೊಟ್ಟಿನ ಧೂಳು ಕಣ್ಣಿಗೆ ಮೂಗಿಗೆ ಹೊಡೆಯುತ್ತದೆ ಎಂದೆ. "ಧೂಳು ಬೇಕಂತನ ಬಂದೀನಿ" ಎಂದರು. ಧೂಳು ಬೇಕು ಎಂದು ಬರುವ ಗಿರಾಕಿಯನ್ನು ಯಾರಾದರೂ ಹೇಗೆ ನಂಬಬೇಕು? ಆದರೂ ಕೊಟ್ಟೆ. ಕಣ್ಣೆದುರಿಗೆ ಇದ್ದರೆ ಏನು ಮಾಡುತ್ತಾರೆ ಎಂದು ನೋಡಬಹುದಲ್ಲ ಎಂಬುದು ನನ್ನ ಲೆಕ್ಕಾಚಾರ.

ನೋಡಿದ್ದೇ ನೋಡಿದ್ದು. ವಾರದಲ್ಲಿ ಮೂರು ನಾಲ್ಕು ದಿನ ಬಳ್ಳಾರಿಯಿಂದ ಬಸ್ಸಿನಲ್ಲಿ ಬರುವರು. ಕಂಡಕ್ಟರಿನಿಂದ ಹಿಡಿದು ಹಮಾಲರವರೆಗೆ ಎಲ್ಲರಿಗೂ ನಮಸ್ಕಾರ. ಯುದ್ಧದ ಕತೆ ಒಂದೂ ಹೇಳುವುದಿಲ್ಲ. ಚಹಾ ಕೊಟ್ಟರೆ ಕುಡಿದ ಮೇಲೆ ಸ್ಟೀಲಿನ ಲೋಟವನ್ನು ಕೆಳಗೆ ಬಿಟ್ಟು ಅದು ಎತ್ತ ಉರುಳುತ್ತದೆ ನೋಡುವರು. ಒಮ್ಮೆ ನನ್ನ ಮೊಬೈಲಿಗೂ ಅದೇ ಗತಿ ಕಾಣಿಸಿದರು. ಗಾಜು ಒಡೆಯಿತು. ನಾನು ಕೆಂಡವಾದೆ. ಅವರು ಮರುದಿನವೇ ಬಳ್ಳಾರಿಯಿಂದ ಅದಕ್ಕಿಂತ ಒಳ್ಳೆಯ ಫೋನ್ ತಂದುಕೊಟ್ಟು, "ನೋಡ್ರಿ, ಕೈ ಅಂದಮ್ಯಾಲೆ ಬಿಡತೈತಿ. ಬಿಡೋದು ಕೈಯ ತಪ್ಪಲ್ಲ. ಸಾಮಾನು ಮಾಡಿದವ ಬೀಳೋದನ್ನ ಮೊದಲ ನೆನೀಬೇಕು" ಎಂದರು. ಈ ಮಾತನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ. ನನಗೆ ಅದೇ ಹಿಡಿಸಲಿಲ್ಲ.

ಪಾರ್ವತಿನಗರದ ಮನೆಗೂ ಒಮ್ಮೆ ಹೋಗಿ ಬಂದೆ, ಅಕ್ಕಿ ಕೊಡುವ ನೆಪದಲ್ಲಿ. ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಹೆಂಡತಿ ಮಕ್ಕಳಿಲ್ಲ, ಮದುವೆಯೇ ಆಗಲಿಲ್ಲವಂತೆ. ಗೋಡೆಯ ಮೇಲೆ ಒಂದು ಪದಕವಿಲ್ಲ, ಒಂದು ಫೋಟೋ ಇಲ್ಲ, ದೇವರ ಪಟವೂ ಇಲ್ಲ. ನೆಲದ ಟೈಲ್ಸಿನ ತುಂಬ ಚಿಪ್ಪೆದ್ದ ಕಲೆ. ಇಳಿದು ಬರುವಾಗ ಕೆಳಗಿನ ಟೀಚರಮ್ಮ ನನ್ನನ್ನು ಬಾಗಿಲಿಗೆ ಕರೆದು, "ದಿನಾ ಏನರ ಒಂದು ಬೀಳ್ತೈತ್ರಿ ಮ್ಯಾಲೆ. ಕೇಳಿದ್ರ ಸಾರಿ ಅಂತಾರ, ಮತ್ತ ಬೀಳಸ್ತಾರ. ಏನ್ ಮನಿಷ್ಯಾರಿ ಇವ್ರು?" ಎಂದರು. ನನಗೆ ಗೊತ್ತಿದ್ದರೆ ತಾನೆ ಹೇಳುವುದು.

ಆಮೇಲೆ ಹುಸೇನಸಾಬ ಬಂದ. ಬಜಾರಿನಲ್ಲಿ ಬಳೆ, ಕುಂಕುಮ, ಊದಿನಕಡ್ಡಿ ಮಾರುವ ನನ್ನ ಹಳೆಯ ಗೆಳೆಯ. ಗಿರಣಿಯ ಸಪ್ಪಳದಲ್ಲೂ ಪಿಸುದನಿಯಲ್ಲಿ ಮಾತಾಡಿದ.

"ಸಾವ್ಕಾರ್ರ, ನಿಮ್ಮ ಶೆಡ್ಡಿನ ಮಿಲಿಟ್ರಿ ಸಾಹೇಬ್ರು ನನ್ನ ಕಡೆ ಕುಂಕುಮ ಒಯ್ತಾರ. ಪೊಟ್ಟಣ ಅಲ್ರಿ, ಕಿಲೋ. ಹೋದ ತಿಂಗಳಾ ಒಯ್ದಿದ್ರು, ಮತ್ತ ನಿನ್ನಿ ಬಂದಿದ್ರು. ಅರಿಷಿಣ ಬ್ಯಾರೆ, ಕೊಬ್ಬರಿ ಎಣ್ಣಿ ಬ್ಯಾರೆ. ದೀಪಾವಳಿದು, ಹುಡುಗ್ರ ಪಿಸ್ತೂಲಿಗೆ ಹಾಕೋ ಚುಕ್ಕಿ ಪಟಾಕಿ ಐತೇನು ಅಂತಾನೂ ಕೇಳಿದ್ರು."

"ಪೂಜಾ ಇರಬೇಕಲ್ಲೋ."

"ಯಾವ ದೇವರಿಗ್ರಿ? ನಾನ ಕೇಳಿದೆ. ಬಂದೂಕಿಗೆ ಅಂದ್ರು. ಮಾಟ ಗೀಟ ಏನರ... ನೋಡ್ರಿ, ನಿಮ್ಮ ಜಾಗ ಅದು."

ಬಂದೂಕು ಒಂದು ಭಯ, ಮಾಟ ಒಂದು ಭಯ. ಎರಡೂ ಕೂಡಿದರೆ ಯಾವ ಠಾಣೆಗೆ ಹೋಗಬೇಕು, ಯಾವ ಸ್ವಾಮಿಗಳ ಹತ್ತಿರ ಹೋಗಬೇಕು? ನಾನು ಎಲ್ಲಿಗೂ ಹೋಗಲಿಲ್ಲ. ಪೊಲೀಸರೇ ಬಂದರು.

ಅದಕ್ಕೆ ಕಾರಣ ಎಲೆಕ್ಷನ್. ಎಲೆಕ್ಷನ್ ಘೋಷಣೆಯಾದರೆ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಬೆಳೆ ಕಾಯಲು ಇಟ್ಟುಕೊಂಡ ಅಜ್ಜನ ಕಾಲದ ಬಂದೂಕುಗಳನ್ನು ಹಳೆಯ ಧೋತರದಲ್ಲಿ, ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಹಳ್ಳಿಗಳಿಂದ ರೈತರು ಬಂದು ಸಾಲು ನಿಲ್ಲುತ್ತಾರೆ. ಪ್ರತಿ ಮಹಾನವಮಿಗೆ ಆ ಬಂದೂಕುಗಳಿಗೆ ಅರಿಷಿಣ ಕುಂಕುಮ ಹಚ್ಚಿ ಹಚ್ಚಿ ಸಂದುಗೊಂದೆಲ್ಲ ಕೆಂಪಗೆ ಹೆಪ್ಪುಗಟ್ಟಿರುತ್ತದೆ. ಮೇಜರ್ ಸಾಹೇಬರು ಆ ಸಾಲಿನ ಪಕ್ಕ ನಿಂತು ಒಬ್ಬೊಬ್ಬರ ಬಂದೂಕು ಇಸಿದುಕೊಂಡು, ಕನ್ನಡಕ ಏರಿಸಿ, ಗುಂಡುಸೂಜಿಯಿಂದ ಆ ಕುಂಕುಮ ಕೆದರಿ ನೋಡುತ್ತಿದ್ದರಂತೆ. ದಫೇದಾರನಿಗೆ ಅನುಮಾನ ಬಾರದೆ ಇರುತ್ತದೆಯೇ? ಮರುದಿನ ಎಸ್ಸೈ ಸಾಹೇಬರು ಅವನನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ನಾನೂ ಒಳಗೆ ಹೋಗಿ ನಿಂತೆ.

"ಬಂದೂಕು ಮಾಡಾಕತ್ತೀರಂತ?"

"ಹೌದು" ಎಂದರು ಮೇಜರ್ ಸಾಹೇಬರು. ಅರಿವೆ ಸರಿಸಿ ಮೇಜಿನ ಮೇಲೆ ಇದ್ದದ್ದನ್ನು ತೋರಿಸಿದರು. ಮರದ ಹಿಡಿ ಇತ್ತು, ಅದಕ್ಕೆ ಕೂಡಿಸಿದ ಉಕ್ಕಿನ ಪೆಟ್ಟಿಗೆ ಇತ್ತು, ಬೆರಳಿಟ್ಟು ಎಳೆಯುವ ಕುದುರೆಯ ಕೊಕ್ಕೆ ಇತ್ತು. ಮುಂದೆ ಏನೂ ಇಲ್ಲ.

"ನಳಿಗಿ ಎಲ್ಲೈತ್ರಿ?"

"ನಳಿಗಿ ಇಲ್ಲ. ಗುಂಡೂ ಇಲ್ಲ."

"ಮತ್ತ ಇದು ಬಂದೂಕು ಹೆಂಗಾತ್ರಿ?"

"ಹಾರಸೋದು ಜಗತ್ತಿಗೆಲ್ಲ ಗೊತ್ತೈತಿ. ನಾನು ಹಾರದಂಗ ಇಡೋದು ಹೆಂಗಂತ ನೋಡಾಕತ್ತೀನಿ."

ಆಮೇಲೆ ಸಾವಕಾಶವಾಗಿ ವಿವರಿಸಿದರು. ಸೈನ್ಯದಲ್ಲಿದ್ದಾಗ ಅವರೇ ಒಂದು ಹೊಸ ರೈಫಲ್ ರೂಪಿಸಿದ್ದರು. ಅದು ಕೈಜಾರಿ ಬಿದ್ದರೂ ತಾನಾಗಿ ಹಾರಬಾರದು ಎಂದು ಒಳಗೆ ಒಂದು ಚಿಲಕ ಇಟ್ಟಿದ್ದರು. ಬೆರಳು ಕೊಕ್ಕೆಯ ಮೇಲಿದ್ದಾಗ ಮಾತ್ರ ಚಿಲಕ ಸರಿದು ದಾರಿ ಬಿಡಬೇಕು; ಬೆರಳು ತೆಗೆದರೆ ಸ್ಪ್ರಿಂಗಿನ ಬಲದಿಂದ ತಾನೇ ಅಡ್ಡ ಬರಬೇಕು. ಎಣ್ಣೆ ಕುಂಕುಮ ಸೇರಿ ಒಣಗಿದರೆ ಚಿಲಕ ಸರಿದ ಜಾಗದಲ್ಲೇ ಹಿಡಿದುಕೊಳ್ಳುತ್ತದೆ, ಆಗ ಬಿದ್ದರೆ ಹಾರುತ್ತದೆ. ಈಗ ಅವರು ಮಾಡುತ್ತಿರುವುದು ಕುಂಕುಮಕ್ಕೂ ಧೂಳಿಗೂ ಜಗ್ಗದ ಚಿಲಕ. "ನಮ್ಮ ಮಂದಿ ಹತ್ಯಾರಕ್ಕ ಕುಂಕುಮ ಹಚ್ಚೋದು ಬಿಡೂದಿಲ್ಲ. ಬಿಡಂತ ಹೇಳಾಕ ನಾನ್ಯಾರು? ಕುಂಕುಮ ತಡಿಯದ ಬಂದೂಕು ಈ ದೇಶದ್ದಲ್ಲ" ಎಂದರು.

ತೋರಿಸಿಯೇ ಬಿಟ್ಟರು. ಕುಂಕುಮದ ಮೆತ್ತೆ ಒಣಗಿದ್ದ ಆ ಪೆಟ್ಟಿಗೆಯಲ್ಲಿ ಗುಂಡಿನ ಬದಲು ಒಂದು ಚುಕ್ಕಿ ಪಟಾಕಿ ಇಟ್ಟು ಎದೆಯೆತ್ತರದಿಂದ ಕೆಳಗೆ ಬಿಟ್ಟರು. ಪಟ್ಟೆಂದಿತು. ದಫೇದಾರ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಎಸ್ಸೈ ನಕ್ಕರು, ನಾನೂ ನಕ್ಕೆ. ಮೇಜರ್ ಸಾಹೇಬರು ಮಾತ್ರ ಆ ಹೊಗೆಯನ್ನು ನೋಡುತ್ತ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. "ಇನ್ನೂ ಆಗಿಲ್ಲ" ಎಂದರು. ಎಸ್ಸೈ ಸಾಹೇಬರು ಮೇಜರ್ ಸಾಹೇಬರ ನಿವೃತ್ತಿಯ ಕಾರ್ಡು ನೋಡಿ ಸಲ್ಯೂಟ್ ಹೊಡೆದು ಹೋದರು.

ಪೊಲೀಸರ ಅನುಮಾನ ಅಲ್ಲಿಗೆ ತೀರಿತು. ನನ್ನದು ಹೊಸದಾಗಿ ಶುರುವಾಯಿತು. ಒಂದು ಆಟಿಕೆಯ ಪಟಾಕಿ ಸಿಡಿದರೆ ಮೇಜರ್ ಆದವನ ಮುಖ ಬಿಳಿಚಿಕೊಳ್ಳುವುದೇಕೆ? ಈ ಮನುಷ್ಯನ ಒಳಗೆ ಹಸಿ ಇದೆ ಎಂದುಕೊಂಡೆ.

ಪ್ರತಿ ಮಹಾನವಮಿಗೆ ಅವರು ನನ್ನ ಗಿರಣಿಯಿಂದ ಒಂದು ಚೀಲ ಸೋನಾ ಅಕ್ಕಿ ತೆಗೆದುಕೊಂಡು ಕುರುಗೋಡಿಗೆ ಹೋಗುತ್ತಿದ್ದರು. ಅಲ್ಲಿ ಅವರ ಬಳಗದವರು ಯಾರೂ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು. ಮತ್ತೆ ಅಕ್ಕಿ ಯಾರಿಗೆ? ನನ್ನ ತಲೆಯಲ್ಲಿ ಬಂದ ಯೋಚನೆಯನ್ನು ಇಲ್ಲಿ ಬರೆಯುವುದಿಲ್ಲ, ಓದುವವರಿಗೂ ಅದೇ ಬಂದಿರುತ್ತದೆ. ಒಂದು ವರ್ಷ ಅವರಿಗೆ ಕಣ್ಣಿನ ಪೊರೆ ತೆಗೆದಿದ್ದರು. "ನಿಮ್ಮ ಕಾರಿನಾಗ ಬಿಡ್ತೀರೇನು?" ಎಂದು ಕೇಳಿದರು. ಗಿರಣಿಯ ಪೂಜೆಯನ್ನು ತಮ್ಮನಿಗೆ ಒಪ್ಪಿಸಿ ಹೊರಟೇಬಿಟ್ಟೆ.

ಕುರುಗೋಡಿನಲ್ಲಿ ಗುಡ್ಡದ ಬುಡದ ಒಂದು ಓಣಿ. ಎಲ್ಲರ ಮನೆಯ ಮುಂದೆ ಟ್ರ್ಯಾಕ್ಟರು, ಬೈಕು, ನೇಗಿಲುಗಳಿಗೆ ಬಾಳೆಕಂಬ, ಚೆಂಡುಹೂವು, ಕುಂಕುಮ. ಕೊನೆಯ ಮನೆಯ ಕಟ್ಟೆಯ ಮೇಲೆ ಮಾತ್ರ ಬೇರೆ ನೋಟ. ಕುಡಗೋಲು, ಈಳಿಗೆ, ಕೊಡಲಿ, ಸಲಿಕೆ, ಇಕ್ಕಳ, ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಹೊಳೆಯುವಂತೆ ಮಾಡಿ ಓಣಿಗೆ ಕಾಣುವ ಹಾಗೆ ಸಾಲಾಗಿ ಇಟ್ಟಿದ್ದರು. ಒಂದಕ್ಕೂ ಕುಂಕುಮವಿಲ್ಲ. ಹಿಂದೆ ಗೋಡೆಗೆ ಒರಗಿ ಮುದುಕಿಯೊಬ್ಬಳು ಕೂತಿದ್ದಳು. ಹೆಸರು ಹುಲಿಗೆಮ್ಮ. ಒಳಗೆ ಗೋಡೆಯ ಮೇಲೆ ಸೈನ್ಯದ ದಿರಿಸಿನ ಹುಡುಗನ ಫೋಟೋ ಕಾಣುತ್ತಿತ್ತು.

ಮೇಜರ್ ಸಾಹೇಬರು ಅಕ್ಕಿ ಇಳಿಸಿ ಕೈಕಟ್ಟಿ ನಿಂತರು. ಮುದುಕಿ ಅಕ್ಕಿಯ ಕಡೆ ನೋಡಲೇ ಇಲ್ಲ.

"ಅಕ್ಕಿ ಬ್ಯಾಡ್ರಿ ಸಾಹೇಬ್ರ, ಜವಾಬು ಕೊಡ್ರಿ. ನನ್ನ ಮಗ ಹತ್ಯಾರ ಹೊಲಸು ಇಟಗೊಂಡಿದ್ನೇನು? ವರ್ಷಾ ಕೇಳಾಕತ್ತೀನಿ. ಈ ಓಣ್ಯಾಗ ಮಂದಿ ಹೊಲಸುಗೈ ಮಾರೇಶಾ ಅಂತಾರ್ರಿ. ಸತ್ತವಗ ಹಿಂಗ ಅಂತಾರ. ನಮ್ಮ ಮನಿ ನೋಡ್ರಿ, ಎಲ್ಲೆರ ಹೊಲಸು ಕಾಣತೈತೇನು?"

ಮೇಜರ್ ಸಾಹೇಬರು ತಲೆ ತಗ್ಗಿಸಿ ನಿಂತರು. ನಮಸ್ಕಾರ ಮಾಡಿ ಕಾರಿಗೆ ಬಂದು ಕೂತರು. ನನಗೆ ರೇಗಿತು. ಊರು ದಾಟಿದ ಮೇಲೆ ಕಾರು ನಿಲ್ಲಿಸಿ, ಹೇಳದಿದ್ದರೆ ಮುಂದಕ್ಕೆ ಬಿಡುವುದಿಲ್ಲ ಎಂದೆ.

ಹೇಳಿದರು. ಮಾರೇಶ ಅವರ ರೈಫಲ್ ಪ್ರಯೋಗದ ತಂಡದಲ್ಲಿದ್ದ ಸಿಪಾಯಿ. ನಮ್ಮೂರ ಹುಡುಗ, ಕನ್ನಡ ಮಾತಾಡಲು ಒಬ್ಬನಾದರೂ ಇರಲಿ ಎಂದು ಅವರೇ ಕೇಳಿ ಹಾಕಿಸಿಕೊಂಡಿದ್ದರು. ಸೈನ್ಯದಲ್ಲೂ ಮಹಾನವಮಿಗೆ ಶಸ್ತ್ರಪೂಜೆ ಮಾಡುತ್ತಾರೆ. ಪೂಜೆಯ ಮರುದಿನ ಪ್ರಯೋಗದ ಮೈದಾನದಲ್ಲಿ ಹುಡುಗನ ಕೈಯಿಂದ ರೈಫಲ್ ಜಾರಿ ಬಿತ್ತು, ಹಾರಿತು, ಅವನ ಕುತ್ತಿಗೆಗೆ ಬಿತ್ತು. ಬಿಚ್ಚಿ ನೋಡಿದರೆ ಚಿಲಕದ ಸಂದಿನಲ್ಲಿ ಕುಂಕುಮ ಹಿಡಿದುಕೊಂಡಿತ್ತು. ಸಿಪಾಯಿ ಶಸ್ತ್ರ ಸ್ವಚ್ಛ ಮಾಡಿರಲಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ರೈಫಲನ್ನು ಸೈನ್ಯ ಕೈಬಿಟ್ಟಿತು. ಇವರು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು.

"ವಿಚಾರಣೆಯೊಳಗ ನಿಮ್ಮನ್ನ ಕೇಳಲಿಲ್ಲೇನು?"

"ಕೇಳಿದ್ರು. ಹತ್ಯಾರ ಸ್ವಚ್ಛ ಇಡೋದು ಸಿಪಾಯಿ ಕೆಲಸ ಅಂದೆ." ಆಮೇಲೆ ತಾವಾಗಿಯೇ, "ಅದು ಸುಳ್ಳಲ್ಲ" ಎಂದರು.

ಕೇಳದೆ ಇದ್ದಾಗ ಒಬ್ಬ ಮನುಷ್ಯ ಸುಳ್ಳಲ್ಲ ಎಂದು ಹೇಳಿದರೆ ಅಲ್ಲಿ ಇನ್ನೇನೋ ಇರುತ್ತದೆ. ವ್ಯಾಪಾರದಲ್ಲಿ ನಾನು ಕಲಿತದ್ದು ಇದೊಂದೇ. ಆದರೆ ಅವರು, "ಇನ್ನ ಕಾರು ಬಿಡ್ರಿ" ಎಂದರು.

ಮುಂದಿನ ವರ್ಷವೆಲ್ಲ ಶೆಡ್ಡಿನಲ್ಲಿ ಕೆಲಸ ಜೋರಾಗಿ ನಡೆಯಿತು. ಪಟ್ ಪಟ್ ಸದ್ದು ದಿನಾ ಕೇಳುವುದು. ನಡುನಡುವೆ ನಿಲ್ಲುವುದು, ಮತ್ತೆ ಶುರುವಾಗುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಬರೀ ಬೀಳುವ ಸಪ್ಪಳ ಮಾತ್ರ ಉಳಿಯಿತು. ಹುಸೇನಸಾಬ ಬಂದು, "ಪಟಾಕಿ ಒಯ್ಯೋದು ನಿಲ್ಲಿಸ್ಯಾರ್ರಿ. ಹುಷಾರ್ ಅದಾರಿಲ್ಲೋ?" ಎಂದು ಕೇಳಿದ. ಮಹಾನವಮಿಯ ಮುಂಜಾನೆ ಮೇಜರ್ ಸಾಹೇಬರು ಅರಿವೆಯಲ್ಲಿ ಸುತ್ತಿದ ಆ ನಳಿಗೆಯಿಲ್ಲದ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಕಾರಿನಲ್ಲಿ ಕೂತರು. ಅಕ್ಕಿ ತೆಗೆದುಕೊಳ್ಳಲಿಲ್ಲ.

ಹುಲಿಗೆಮ್ಮ ಅದೇ ಕಟ್ಟೆಯ ಮೇಲೆ ಇದ್ದಳು. ಇವರು ಅದನ್ನು ಅವಳ ಮುಂದೆ ಇಟ್ಟು, "ಅವ್ವಾ, ಇದಕ್ಕ ಕುಂಕುಮ ಹಚ್ರಿ. ಎಣ್ಣಿ ಕೂಡಿಸಿ ಹಚ್ರಿ, ಎಷ್ಟು ಬೇಕಾದ್ರೂ ಹಚ್ರಿ" ಎಂದರು. ಮುದುಕಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಒಳಗಿಂದ ಕುಂಕುಮದ ಭರಣಿ ತಂದು ಸಂದು ಬಿಡದೆ ಮೆತ್ತಿದಳು. ಬಿಸಿಲಿಗೆ ಒಣಗಲು ಬಿಟ್ಟು ಕೂತೆವು. ಒಣಗಿದ ಮೇಲೆ ಚುಕ್ಕಿ ಪಟಾಕಿ ಇಟ್ಟು ಅದನ್ನು ಎತ್ತಿ ಕಟ್ಟೆಯ ಕಲ್ಲಿನ ಮೇಲೆ ಬಿಟ್ಟರು. ಕಲ್ಲಿಗೆ ಉಕ್ಕು ಬಡಿದ ಸದ್ದಾಯಿತು, ಅಷ್ಟೇ. ಮತ್ತೆ ಬಿಟ್ಟರು. ಮತ್ತೆ ಬಿಟ್ಟರು. ಪಟಾಕಿ ಸಿಡಿಯಲಿಲ್ಲ.

ಆಗ ಮೇಜರ್ ಸಾಹೇಬರು ಕಟ್ಟೆಯ ಕೆಳಗೆ ಮಣ್ಣಿನಲ್ಲೇ ಕೂತುಬಿಟ್ಟರು.

"ಅವತ್ತು ಪೂಜಾದಾಗ ಮೊದಲ ಕುಂಕುಮ ಹಚ್ಚಿದ್ದು ನಾನವ್ವಾ. ಆಫೀಸರ್ ಹಚ್ಚಬೇಕು, ಅದು ರಿವಾಜು. ಖುಷಿಲೆ ಮೆತ್ತಿದೆ. ನಾ ಮಾಡಿದ ರೈಫಲ್ ಅಲ್ಲೇನು. ಸಂಜಿಮುಂದ ಮಾರೇಶ ಅರಿವಿ ಹಿಡಕೊಂಡು ಬಂದ. ಒರಸ್ಲ್ಯಾ ಸಾಬ್ ಅಂತ ಕೇಳಿದ. ಬ್ಯಾಡೋ, ಪೂಜಾದ ಕುಂಕುಮ ಇವತ್ತ ಒರಸಬಾರದು, ನಾಳೆ ದಸಮಿ, ಶುಭ ಆಗ್ಲಿ, ಹಂಗ ಇರಲಿ ಅಂದೆ."

ಮುದುಕಿ ಅವರ ಕಡೆಗೆ ಬಾಗಿದಳು. ಆಮೇಲೆ ಕೇಳಿದಳು.

"ಒರಸ್ಲ್ಯಾ ಅಂದಿದ್ನಾ?"

"ಅಂದಿದ್ದ."

"ಅರಿವಿ ಹಿಡಕೊಂಡು ಬಂದಿದ್ನಾ?"

"ಬಂದಿದ್ದ ಅವ್ವಾ."

"ಮತ್ತ ಇಷ್ಟು ವರ್ಷ ಬಾಯಾಗ ಇಟಗೊಂಡು ತಿರಿಗೀರಲ್ರಿ. ಇಷ್ಟು ಹೇಳಾಕ ಈ ಯಂತ್ರ ಯಾಕ ಬೇಕಿತ್ತು?"

"ಬರೀ ಮಾತು ತಗೊಂಡು ಹೆಂಗ ಬರ್ಲಿ ಅಂತ..." ಎಂದರು ಮೇಜರ್ ಸಾಹೇಬರು.

ನನಗೆ ಅವರ ಮೇಲೆ ಸಿಟ್ಟು ಬಂತು, ಅಷ್ಟೇ ಕರುಣೆಯೂ ಬಂತು. ಹುಲಿಗೆಮ್ಮನಿಗೆ ಬಂದದ್ದು ಯಾವುದೋ ಹೇಳಲಾರೆ. ಅಳಲಿಲ್ಲ, ಬೈಯಲಿಲ್ಲ. ಎದ್ದು ನಿಂತು, "ನನಗ ಹೇಳಿದ್ದು ಸಾಲದು. ಓಣ್ಯಾಗ ಹೇಳ್ರಿ" ಎಂದಳು.

ಅವರು ಮಣ್ಣು ಕೊಡವಿಕೊಂಡು ಎದ್ದರು. ಓಣಿಯ ನಡುವೆ ಟ್ರ್ಯಾಕ್ಟರಿಗೆ ಕಾಯಿ ಒಡೆಯುತ್ತಿದ್ದ ಜನರ ಎದುರು ನೆಟ್ಟಗೆ ನಿಂತು, ತಮ್ಮ ಹೆಸರು, ಹುದ್ದೆ ಹೇಳಿ, ಅದೇ ಮಾತನ್ನು ಮೊದಲಿನಿಂದ ಹೇಳಿದರು. ಏನನ್ನೂ ಬಿಡಲಿಲ್ಲ. ಒಬ್ಬ ಹಿರಿಯ ಅವರ ಕೈಗೆ ಪ್ರಸಾದದ ಮಂಡಕ್ಕಿ ಹಾಕುತ್ತ, "ಮೊದಲ ಹೇಳಬೇಕಿತ್ತ್ರಿ" ಎಂದ. ಹುಲಿಗೆಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಹೊರಡುವಾಗ ಆ ಬಂದೂಕನ್ನು ಇವರು ಅವಳ ಕಟ್ಟೆಯ ಮೇಲೇ ಬಿಟ್ಟು ಬಂದರು, ಉಳಿದ ಪಟಾಕಿಯ ಡಬ್ಬಿಯ ಸಮೇತ.

ಆಮೇಲೆ ಶೆಡ್ಡಿಗೆ ಅವರು ಬಂದದ್ದು ಬೀಗದ ಕೈ ಕೊಡಲು ಮಾತ್ರ. ಚಿಲಕವನ್ನು ಯಾವುದಾದರೂ ಕಂಪನಿಗೆ ತೋರಿಸಿ ಎಂದು ನಾನು ಎಷ್ಟು ಹೇಳಿದರೂ ನಕ್ಕು ಸುಮ್ಮನಾದರು. ಪಾರ್ವತಿನಗರದ ಮನೆಯಲ್ಲಿ ಮಾತ್ರ ಲೋಟ, ಪೆನ್ನು, ಚಮಚ ಬೀಳಿಸುವುದು ನಿಲ್ಲಲಿಲ್ಲ. ಅವರ ಒಳಗೆ ಇನ್ನೂ ಏನಾದರೂ ಹಸಿ ಉಳಿದಿತ್ತೇ ಎಂಬ ಅನುಮಾನ ನನಗೆ ಹೋಗಿಲ್ಲ. ಇನ್ನು ಕಡಿದು ನೋಡಲು ಅವರಿಲ್ಲ.

ಈ ಮಹಾನವಮಿಗೆ ನಾನೊಬ್ಬನೇ ಕುರುಗೋಡಿಗೆ ಹೋದೆ. ಸಾಹೇಬರು ಹೋದ ಸುದ್ದಿ ಹುಲಿಗೆಮ್ಮನಿಗೆ ಮುಟ್ಟಿತ್ತು. ಕಟ್ಟೆಯ ಮೇಲೆ ಕುಡಗೋಲು, ಈಳಿಗೆ, ಕೊಡಲಿಗಳಿಗೆಲ್ಲ ಈ ಸಲ ಕುಂಕುಮವಿತ್ತು. ಅವುಗಳ ಪಕ್ಕದಲ್ಲಿ ಆ ನಳಿಗೆಯಿಲ್ಲದ ಬಂದೂಕು, ಅದಕ್ಕೂ ಕುಂಕುಮ. ನಾನು ಕೂತ ಮೇಲೆ ಅವಳು ಡಬ್ಬಿಯಿಂದ ಒಂದು ಪಟಾಕಿ ತೆಗೆದು ಅದರೊಳಗೆ ಇಟ್ಟು, ಎರಡೂ ಕೈಯಿಂದ ಎತ್ತಿ ಕಲ್ಲಿನ ಮೇಲೆ ಬಿಟ್ಟಳು.

"ಏನರ ಕೇಳಿಸ್ತೇನ್ರಿ?"

"ಇಲ್ಲವ್ವಾ."

"ನನಗೂ ಇಲ್ಲ. ಅವ್ರಿಲ್ಲಲ್ಲ, ಇನ್ನ ನಾನ ನೋಡಬೇಕು."

ಪಟಾಕಿ ತೆಗೆದಿಟ್ಟಳು. ಆಮೇಲೆ ಸೆರಗಿನ ತುದಿ ಹಿಡಿದು ಬಂದೂಕಿನ ಕುಂಕುಮ ಒರೆಸತೊಡಗಿದಳು. ಹೊತ್ತು ಇನ್ನೂ ಮಧ್ಯಾಹ್ನ. ಎದುರು ಮನೆಯ ಹೆಂಗಸು, "ಇವತ್ತ ಒರಸಬಾರದು ಹುಲಿಗೆವ್ವಾ, ಪೂಜಾದ್ದು" ಎಂದು ಕೂಗಿ ಹೇಳಿದಳು.

"ನನ್ನ ಮಗ ಒರಸ್ತೀನಿ ಅಂದಿದ್ದ" ಎಂದಳು ಹುಲಿಗೆಮ್ಮ, ಒರೆಸುತ್ತಲೇ.